ಕೊಲ್ಲದ ವೀರ

ಕೆಲವು ವಾರಗಳ ಹಿಂದೆ ನಮ್ಮ ಕಾಲೇಜಿನ ಕನ್ನಡ ಸಂಘದ ವತಿಯಿಂದ ಪ್ರಬಂಧ ಸ್ಪರ್ಧೆಯೊಂದು ನಡೆಯಿತು. ‘ನಾನು ಮೆಚ್ಚಿದ ವೀರ’ ಎಂಬುದು ವಿಷಯ. ತೀರ್ಪು ಕೊಡುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಬಂದ ಪ್ರಬಂಧಗಳಲ್ಲಿ ಹೆಚ್ಚಿನವು ನಾವು ನಿರೀಕ್ಷಿಸಬಹುದಾದಂಥವೇ. ಅಭಿಮನ್ಯು ಇದ್ದ, ಕರ್ಣನಿದ್ದ, ಕಿತ್ತೂರಿನ ರಾಣಿ ಚೆನ್ನಮ್ಮ ಇದ್ದಳು, ಸಂಗೊಳ್ಳಿ ರಾಯಣ್ಣನಿದ್ದ. ಒಂದು ಪ್ರಬಂಧ ಮಾತ್ರ ಬೇರೆಯಾಗಿತ್ತು. ಎರಡನೆಯ ವರ್ಷದ ಬಿ.ಎ. ವಿದ್ಯಾರ್ಥಿನಿಯೊಬ್ಬಳು ತನ್ನ ತಂದೆಯನ್ನು ಕುರಿತು ಬರೆದಿದ್ದಳು. ಆತ ಸೈನ್ಯದ ವೈದ್ಯಕೀಯ ದಳದಲ್ಲಿ ಶುಶ್ರೂಷಕನಾಗಿದ್ದವರು. ಹಿಮದ ನಾಡಿನಲ್ಲಿ ಗಾಯಗೊಂಡವರನ್ನು ಡೋಲಿಯಲ್ಲಿ ಹೊತ್ತು ಇಳಿಸಿದವರು. ಅವಳ ಪ್ರಬಂಧದ ಮೊದಲ ವಾಕ್ಯ ಹೀಗಿತ್ತು: “ನನ್ನ ತಂದೆ ಇಪ್ಪತ್ತು ವರ್ಷ ಸೈನ್ಯದಲ್ಲಿದ್ದರು, ಆದರೆ ಅವರು ಯಾರೊಡನೆಯೂ ಯುದ್ಧ ಮಾಡಲಿಲ್ಲ.”

ನಾನು ಆ ಪ್ರಬಂಧದ ಅಂಚಿನಲ್ಲಿ ‘ವಿಷಯಕ್ಕೆ ಸಲ್ಲದು’ ಎಂದು ಕೆಂಪು ಶಾಯಿಯಲ್ಲಿ ಬರೆದು ಬದಿಗಿಟ್ಟೆ. ಬಹುಮಾನಗಳು ಹಂಚಿಹೋದವು. ಆದರೆ ಆ ವಾಕ್ಯದ ನಡುವಿನ ‘ಆದರೆ’ ಎಂಬ ಮೂರಕ್ಷರ ಮಾತ್ರ ನನ್ನನ್ನು ಬಿಡಲಿಲ್ಲ. ಮಗಳು ತಂದೆಯ ಬಾಳನ್ನು ಹೇಳುತ್ತ, ಏನೋ ಕೊರತೆಯನ್ನು ಒಪ್ಪಿಕೊಳ್ಳುವವಳಂತೆ, ಆ ಪದವನ್ನು ಇಟ್ಟಿದ್ದಳು. ಆ ಕೊರತೆಯ ಭಾವನೆಯನ್ನು ಅವಳಿಗೆ ಕಲಿಸಿದವರು ಯಾರು? ಎರಡು ದಶಕಗಳಿಂದ ತರಗತಿಯಲ್ಲಿ ವೀರರಸವನ್ನು ಪಾಠ ಹೇಳುತ್ತಿರುವ ನನ್ನಂಥವರೇ ಅಲ್ಲವೆ?

ಈ ತಳಮಳದಲ್ಲಿ ನಾನು ಸೈನ್ಯದ ವೈದ್ಯರ ವೃತ್ತಾಂತಗಳನ್ನು ಹುಡುಕಿ ಓದತೊಡಗಿದೆ. ಆಗ ನನಗೆ ದೊರೆತವರು ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್. ಈ ಹೆಸರನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಓದುಗರಲ್ಲಿಯೂ ಅನೇಕರು ಕೇಳಿರಲಾರರೆಂದು ಊಹಿಸುತ್ತೇನೆ. ಮಹಾವೀರ ಚಕ್ರವನ್ನು ಪಡೆದ ಒಬ್ಬ ಪ್ಯಾರಾಶೂಟ್ ಸೇನಾಧಿಕಾರಿ ನಮಗೆ ಇಷ್ಟೊಂದು ಅಪರಿಚಿತನಾಗಿ ಉಳಿದಿರುವುದೇಕೆಂಬುದು ಯೋಚಿಸತಕ್ಕ ವಿಷಯ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರ ಅಕ್ಟೋಬರಿನಲ್ಲಿ, ಭಾರತದ ಮೊತ್ತಮೊದಲ ಪ್ಯಾರಾಶೂಟ್ ಪಡೆಯಾದ 50ನೆಯ ಬ್ರಿಗೇಡು ದಿಲ್ಲಿಯಲ್ಲಿ ರಚಿತವಾಯಿತು. ವಿಮಾನದಿಂದ ಧುಮುಕುವ ವಿದ್ಯೆ ಅಂದಿಗೆ ಈ ದೇಶಕ್ಕೆ ಹೊಸದು. ಹಾಗೆ ಧುಮುಕಿದ ಮೊದಲ ಭಾರತೀಯರು ಇಬ್ಬರು. ಒಬ್ಬರು ಹವಾಲ್ದಾರ್ ಮೇಜರ್ ಮಥುರಾಸಿಂಗ್. ಇನ್ನೊಬ್ಬರು ಪಡೆಯ ತರುಣ ವೈದ್ಯಾಧಿಕಾರಿ ಲೆಫ್ಟಿನೆಂಟ್ ರಂಗರಾಜ್. ಈ ಸಂಗತಿಯನ್ನು ಓದಿ ನಾನು ಒಂದು ಕ್ಷಣ ಪುಸ್ತಕವನ್ನು ಕೆಳಗಿಟ್ಟೆ. ನಮ್ಮ ಆಕಾಶದಿಂದ ಮೊದಲು ನೆಲಕ್ಕಿಳಿದ ಇಬ್ಬರು ಭಾರತೀಯರಲ್ಲಿ ಒಬ್ಬಾತ ಕೊಲ್ಲುವ ಕಸುಬಿನವನಲ್ಲ, ಬದುಕಿಸುವ ಕಸುಬಿನವನು. ಯೋಚಿಸಿದರೆ ಇದು ಸಹಜವೇ. ಶತ್ರುವಿನ ಬೆನ್ನ ಹಿಂದೆ ಇಳಿಯುವ ಸೈನಿಕರಿಗೆ ಹಿಂದಿನಿಂದ ಬಂದು ಸೇರಲು ದಾರಿಯಾಗಲಿ ಆಸ್ಪತ್ರೆಯಾಗಲಿ ಇರುವುದಿಲ್ಲ. ಇಳಿಯುವಾಗಲೇ ಕಾಲು ಮುರಿಯುವುದುಂಟು. ಇಳಿದ ಮೇಲೆ ಗುಂಡು ತಗಲುವುದುಂಟು. ಆದ್ದರಿಂದ ಅವರ ಜೊತೆ ವೈದ್ಯನೂ ಧುಮುಕಬೇಕು.

ರಂಗರಾಜ್ ಅವರ ಬಾಳಿನ ದೊಡ್ಡ ಪರೀಕ್ಷೆ ಬಂದದ್ದು ಕೊರಿಯದಲ್ಲಿ. 1950ರ ಜೂನ್ 25ರಂದು ಅಲ್ಲಿ ಯುದ್ಧ ಪ್ರಾರಂಭವಾಯಿತು. ವಿಶ್ವಸಂಸ್ಥೆಯ ಕರೆಗೆ ಓಗೊಟ್ಟು ಹಲವು ರಾಷ್ಟ್ರಗಳು ಸೈನ್ಯವನ್ನು ಕಳುಹಿದವು. ಆಗತಾನೆ ಸ್ವತಂತ್ರವಾಗಿದ್ದ ಭಾರತ ಕಾದಾಡುವ ಪಡೆಯನ್ನು ಕಳುಹಲು ಒಪ್ಪಲಿಲ್ಲ, ವೈದ್ಯರನ್ನು ಕಳುಹಿಸಿತು. ಹಾಗೆ ಹೋದದ್ದು 60ನೆಯ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್. ಆಂಬುಲೆನ್ಸ್ ಎಂದೊಡನೆ ಗಂಟೆ ಬಾರಿಸುತ್ತ ಓಡುವ ಗಾಡಿಯೆಂದು ಭಾವಿಸಬಾರದು. ಸೈನ್ಯದ ಪರಿಭಾಷೆಯಲ್ಲಿ ಅದು ಯುದ್ಧರಂಗದ ಸಂಚಾರಿ ಆಸ್ಪತ್ರೆ. ವೈದ್ಯರು, ಶುಶ್ರೂಷಕರು, ಡೋಲಿ ಹೊರುವವರು, ಅಡಿಗೆಯವರು, ಚಾಲಕರು ಎಲ್ಲರೂ ಸೇರಿದ ಒಂದು ಸಂಸಾರ. ಮುನ್ನೂರಕ್ಕೂ ಮಿಕ್ಕ ಮಂದಿಯ ಆ ಸಂಸಾರಕ್ಕೆ ಯಜಮಾನರು ರಂಗರಾಜ್. 1950ರ ನವೆಂಬರಿನಲ್ಲಿ ಅವರು ಪೂಸಾನ್ ಬಂದರಿನಲ್ಲಿ ಇಳಿದು, ಮುಂದೆ ಪ್ಯೊಂಗ್ಯಾಂಗಿಗೆ ನಡೆದರು.

ಅವರು ಅಲ್ಲಿ ನೆಲೆಗೊಳ್ಳುವುದರೊಳಗೆ ಯುದ್ಧದ ಗಾಳಿ ತಿರುಗಿತು. ಚೀನದ ಸೇನೆ ರಂಗಕ್ಕಿಳಿದಿತ್ತು. ಡಿಸೆಂಬರಿನ ಮೊದಲ ವಾರದಲ್ಲಿ ವಿಶ್ವಸಂಸ್ಥೆಯ ಪಡೆಗಳು ಪ್ಯೊಂಗ್ಯಾಂಗನ್ನು ಬಿಟ್ಟು ದಕ್ಷಿಣಕ್ಕೆ ಹಿಮ್ಮೆಟ್ಟತೊಡಗಿದವು. ಭಾರತೀಯ ಆಸ್ಪತ್ರೆಗೂ ಹೊರಡುವಂತೆ ಆಜ್ಞೆಯಾಯಿತು. ಸಲಕರಣೆಗಳನ್ನು ಸಾಗಿಸಲು ಮಾತ್ರ ವಾಹನಗಳಿಲ್ಲ. ಅವನ್ನು ನಾಶಮಾಡಿ ಜೀವ ಉಳಿಸಿಕೊಂಡು ಹೊರಟಿದ್ದರೆ ರಂಗರಾಜರನ್ನು ಯಾರೂ ದೂಷಿಸುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ನಿಲ್ದಾಣದಲ್ಲಿ ಕೈಬಿಟ್ಟು ಹೋಗಿದ್ದ ಹಳೆಯ ಉಗಿಬಂಡಿಯೊಂದನ್ನೂ ಕೆಲವು ಡಬ್ಬಿಗಳನ್ನೂ ಅವರ ಮಂದಿ ಪತ್ತೆಹಚ್ಚಿದರು. ಇಂಜಿನ್ನಿನ ಕೆಲಸವನ್ನು ಅಷ್ಟಿಷ್ಟು ಬಲ್ಲ ಜವಾನರು ಆ ಪಡೆಯಲ್ಲಿಯೇ ಸಿಕ್ಕಿದರು. ಆ ಕೊರೆಯುವ ಚಳಿಯಲ್ಲಿ ಸಾಲಾಗಿ ನಿಂತು ಕೈಯಿಂದ ಕೈಗೆ ಬಕೀಟು ದಾಟಿಸಿ ಬಾಯ್ಲರಿಗೆ ನೀರು ತುಂಬಿದರು. ಸಿಕ್ಕಿದ ಸೌದೆಯಿಂದ ಬೆಂಕಿ ಹೊತ್ತಿಸಿದರು. ಶಸ್ತ್ರಚಿಕಿತ್ಸೆಯ ಮೇಜುಗಳು, ಔಷಧದ ಪೆಟ್ಟಿಗೆಗಳು, ಹಾಸಿಗೆಗಳು, ಹತ್ಯಾರಗಳು ಎಲ್ಲವನ್ನೂ ಹೇರಿಕೊಂಡು ಬಂಡಿ ದಕ್ಷಿಣಕ್ಕೆ ಹೊರಟಿತು. ಅದು ದಾಟಿದ ಸ್ವಲ್ಪ ಹೊತ್ತಿನಲ್ಲಿಯೇ ನದಿಯ ಸೇತುವೆಯನ್ನು ಸಿಡಿಸಲಾಯಿತು.

ಈ ಪ್ರಸಂಗದಲ್ಲಿ ಒಂದು ಗುಂಡೂ ಹಾರಲಿಲ್ಲ. ಆದರೂ ಇದಕ್ಕಿಂತ ಮಿಗಿಲಾದ ಸಾಹಸವನ್ನು ನಾನು ಯುದ್ಧದ ಪುಸ್ತಕಗಳಲ್ಲಿ ಹೆಚ್ಚಾಗಿ ಓದಿಲ್ಲ. ಹತ್ಯಾರವಿಲ್ಲದ ವೈದ್ಯ ಬರಿಗೈಯ ಮನುಷ್ಯ. ಆ ಪೆಟ್ಟಿಗೆಗಳನ್ನು ಬಿಟ್ಟುಬಂದಿದ್ದರೆ ಮುಂದಿನ ತಿಂಗಳುಗಳಲ್ಲಿ ಗಾಯಗೊಂಡು ಬಂದವರೆದುರು ಅವರು ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು. ಇನ್ನೂ ಗಾಯಗೊಂಡಿರದ, ಹೆಸರೂ ಗೊತ್ತಿಲ್ಲದ ಯಾರ ಯಾರದೋ ಪ್ರಾಣಕ್ಕಾಗಿ ಅವರು ತಮ್ಮ ಪ್ರಾಣವನ್ನು ಪಣವಿಟ್ಟಿದ್ದರು.

ಆಮೇಲೆ ಈ ಆಸ್ಪತ್ರೆ ಎರಡು ಭಾಗವಾಯಿತು. ಒಂದು ಭಾಗ ಕಾಮನ್‌ವೆಲ್ತ್ ಬ್ರಿಗೇಡಿನ ಸಂಗಡ ಯುದ್ಧರಂಗದಲ್ಲಿ ದುಡಿಯಿತು. ಇನ್ನೊಂದು ಭಾಗ ಡೇಗು ನಗರದಲ್ಲಿ ನಿಂತು ಅಲ್ಲಿನ ನಾಗರಿಕರಿಗೂ ಆರೈಕೆ ಮಾಡಿತು. 1951ರ ಮಾರ್ಚ್ 23ರಂದು ಸಿಯೋಲಿನ ವಾಯವ್ಯಕ್ಕಿರುವ ಮುನ್ಸಾನ್ ಬಳಿ ಅಮೆರಿಕದ 187ನೆಯ ಪಡೆಯ ಮೂರು ಸಾವಿರಕ್ಕೂ ಮಿಕ್ಕ ಸೈನಿಕರು ಪ್ಯಾರಾಶೂಟುಗಳಲ್ಲಿ ಇಳಿದರು. ಅವರೊಡನೆ ರಂಗರಾಜರೂ ಸೇರಿ 12 ಮಂದಿ ಭಾರತೀಯರು ಧುಮುಕಿದರು. ಯೋಧರು ಬಂದೂಕು ಹೊತ್ತು ಇಳಿದರೆ ಇವರು ಕತ್ತರಿ, ಚಿಮಟ, ಹೊಲಿಗೆಯ ದಾರ ಹೊತ್ತು ಇಳಿದರು. ಇಳಿದಲ್ಲಿಯೇ ಶಸ್ತ್ರಚಿಕಿತ್ಸೆಗೆ ತೊಡಗಿದರು. ಅವರ ತಲೆಯ ಮೇಲಿನ ಕಡುಗೆಂಪು ಟೋಪಿಯನ್ನು ಕಂಡು ಕೊರಿಯದಲ್ಲಿ ಅವರಿಗೆ ‘ಕಡುಗೆಂಪು ದೇವದೂತರು’ ಎಂಬ ಅರ್ಥದ ಹೆಸರು ಬಿದ್ದಿತು. ಆ ಪಡೆ ಕೊರಿಯದಲ್ಲಿದ್ದ ಮೂರು ವರ್ಷಗಳಿಗೂ ಮಿಕ್ಕ ಅವಧಿಯಲ್ಲಿ 2,300ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ನಡೆಸಿತು. ಎರಡು ಲಕ್ಷದ ಸಮೀಪಕ್ಕೆ ಮುಟ್ಟುವಷ್ಟು ರೋಗಿಗಳನ್ನು ನೋಡಿತು.

1953ರ ಜುಲೈ 27ರಂದು ಕದನವಿರಾಮವಾಯಿತು. ತಾಯ್ನಾಡಿಗೆ ಮರಳಲೊಲ್ಲದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಗತಿ ಏನೆಂಬ ಪ್ರಶ್ನೆ ಉಳಿದಿತ್ತು. ಅದನ್ನು ಬಿಡಿಸಲು ಏರ್ಪಟ್ಟ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಅದೇ ಕಾಲದಲ್ಲಿ, ಅದೇ ಕೊರಿಯದ ಮಣ್ಣಿನಲ್ಲಿ ಭಾರತೀಯ ವೈದ್ಯರು ಬೀಡುಬಿಟ್ಟಿದ್ದರು. ತಿಮ್ಮಯ್ಯನವರ ಹೆಸರು ನಮ್ಮ ಮಕ್ಕಳಿಗೆ ಗೊತ್ತು, ಗೊತ್ತಿರಬೇಕಾದದ್ದು ಉಚಿತವೇ. ಪಕ್ಕದಲ್ಲಿ ದುಡಿದವರ ಹೆಸರು ಗೊತ್ತಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸದೆ ಮುಂದೆ ಹೋಗುವುದು ಪ್ರಾಮಾಣಿಕವಾಗದು. ಸೈನ್ಯದ ವೈದ್ಯ ಯುದ್ಧದಿಂದ ಹೊರಗಿನವನೆ? ಅವನು ಗುಣಪಡಿಸಿದ ಸೈನಿಕ ಮತ್ತೆ ಬಂದೂಕು ಹಿಡಿದು ಹೋಗುವುದಿಲ್ಲವೆ? ಭಾರತ ಕಾದಾಡುವ ಪಡೆಯನ್ನು ಕಳುಹಲಿಲ್ಲವೆಂಬುದು ನಿಜ. ಅದರ ವೈದ್ಯರು ದುಡಿದದ್ದು ಒಂದು ಪಕ್ಷದ ಪಾಳೆಯದಲ್ಲಿ ಎಂಬುದೂ ನಿಜವೇ. ಈ ಪ್ರಶ್ನೆಗೆ ಪೂರ್ಣವಾದ ಸಮಾಧಾನ ನನ್ನಲ್ಲಿಲ್ಲ. ಇಷ್ಟನ್ನು ಮಾತ್ರ ಹೇಳಬಲ್ಲೆ: ರಕ್ತ ಸುರಿಸುತ್ತ ಮುಂದೆ ಮಲಗಿದವನನ್ನು ನೋಡಿ ‘ಇವನು ನಾಳೆ ಏನು ಮಾಡುವನು’ ಎಂದು ಲೆಕ್ಕ ಹಾಕುವ ಕೈ ವೈದ್ಯನ ಕೈಯಾಗಲಾರದು. ನಾಳೆಯ ಲೆಕ್ಕವನ್ನು ಬೇರೆಯವರಿಗೆ ಬಿಟ್ಟು ಇಂದಿನ ಗಾಯವನ್ನು ಹೊಲಿಯುವುದು ಆತನ ಧರ್ಮ. ಯುದ್ಧವನ್ನು ನಿಲ್ಲಿಸುವ ಶಕ್ತಿ ಅವನಿಗಿಲ್ಲ. ಯುದ್ಧದ ನಡುವೆಯೂ ಮನುಷ್ಯನ ಪ್ರಾಣಕ್ಕೆ ಬೆಲೆಯಿದೆ ಎಂಬುದನ್ನು ಅವನು ಮರೆಯಗೊಡುವುದಿಲ್ಲ.

ಈಗ ನಮ್ಮ ಶಾಸ್ತ್ರಕ್ಕೆ ಬರೋಣ. ವೀರರಸಕ್ಕೆ ಸ್ಥಾಯೀಭಾವ ಯಾವುದೆಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ‘ಕ್ರೋಧ’ ಎಂದು ಬರೆಯುತ್ತಾರೆ. ಅದು ತಪ್ಪು. ಕ್ರೋಧ ರೌದ್ರಕ್ಕೆ ಸಲ್ಲುವ ಭಾವ. ವೀರಕ್ಕೆ ಸ್ಥಾಯಿ ಉತ್ಸಾಹ. ಈ ಭೇದವನ್ನು ಪರೀಕ್ಷೆಯ ಎರಡು ಅಂಕಗಳಿಗಾಗಿ ಬಾಯಿಪಾಠ ಮಾಡಿಸುವ ನಾವು ಅದರ ಅರ್ಥವನ್ನು ಎಂದಾದರೂ ಬಿಡಿಸಿ ಹೇಳಿದ್ದೇವೆಯೆ? ಸಿಟ್ಟಿಲ್ಲದೆಯೂ, ವೈರಿಯಿಲ್ಲದೆಯೂ ವೀರ ವೀರನೇ ಎಂಬುದು ಅದರ ತಿರುಳು. ವಿಶ್ವನಾಥನ ‘ಸಾಹಿತ್ಯದರ್ಪಣ’ ವೀರರನ್ನು ನಾಲ್ಕು ಬಗೆಯಾಗಿ ಹೇಳುತ್ತದೆ: ದಾನವೀರ, ಧರ್ಮವೀರ, ಯುದ್ಧವೀರ, ದಯಾವೀರ. ದಯಾವೀರನಿಗೆ ದೃಷ್ಟಾಂತವಾಗಿ ಬರುವವನು ಹರ್ಷನ ‘ನಾಗಾನಂದ’ದ ಜೀಮೂತವಾಹನ, ಪರಿಚಯವೇ ಇಲ್ಲದ ನಾಗನೊಬ್ಬನಿಗಾಗಿ ಗರುಡನಿಗೆ ತನ್ನ ದೇಹವನ್ನು ಒಪ್ಪಿಸಿದವನು. ಆತನಲ್ಲಿರುವುದು ವೀರವೋ ಶಾಂತವೋ ಎಂದು ಆಲಂಕಾರಿಕರು ವಾದಿಸಿದ್ದುಂಟು. ನಾಲ್ಕು ಬಗೆಗಳಲ್ಲಿ ಮೂರನ್ನು ನಾವು ಪಟ್ಟಿಯಲ್ಲಿಯೇ ಬಿಟ್ಟು ಒಂದನ್ನು ಮಾತ್ರ ತರಗತಿಯಲ್ಲಿ ಮೆರೆಸಿದೆವು.

ಇನ್ನೂ ಒಂದು ಮಾತು. ರಂಗರಾಜರ ಎದೆಯ ಮೇಲೆ ಮೆರೆದ ಪದಕದ ಹೆಸರೇನು? ಮಹಾವೀರ ಚಕ್ರ. ಕನ್ನಡದ ಕಿವಿಗೆ ಆ ಹೆಸರು ಕೇಳಿದೊಡನೆ ಬೇರೆಯೂ ಒಂದು ನೆನಪು ಏಳಬೇಕು. ಇರುವೆಯನ್ನೂ ನೋಯಿಸದ ಧರ್ಮವನ್ನು ಬೋಧಿಸಿದ ತೀರ್ಥಂಕರನನ್ನು ಲೋಕ ಕರೆದದ್ದು ಮಹಾವೀರನೆಂದೇ. ನಮ್ಮ ಆದಿಕವಿ ಪಂಪನ ‘ಆದಿಪುರಾಣ’ದಲ್ಲಿ ಬಾಹುಬಲಿ ಅಣ್ಣನನ್ನು ಮೇಲೆತ್ತಿ, ನೆಲಕ್ಕೆ ಅಪ್ಪಳಿಸಬಹುದಾಗಿದ್ದ ಕ್ಷಣದಲ್ಲಿ ಕೈ ತಡೆದು ಇಳಿಸುತ್ತಾನೆ, ಶ್ರವಣಬೆಳಗೊಳದಲ್ಲಿ ನಾವು ತಲೆಯೆತ್ತಿ ನೋಡುವುದು ಆ ಬಾಹುಬಲಿಯನ್ನು. ಕೊಲ್ಲದವನನ್ನು ವೀರನೆನ್ನುವುದು ನಮ್ಮ ಭಾಷೆಗೆ ಹೊಸತಲ್ಲ. ನಾವು ಮರೆತಿದ್ದೇವೆ, ಅಷ್ಟೆ.

ರಂಗರಾಜರ ಕಥೆ ಪದಕದೊಡನೆ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲವೇನೋ. ಸೈನ್ಯದಿಂದ ಹೊರಬಂದ ಮೇಲೆ ಅವರು ಇನ್ನೊಂದು ಸಮರಕ್ಕೆ ಹೋದರು. 1970ರ ಸುಮಾರಿನಲ್ಲಿ ಆಫ್ಘಾನಿಸ್ತಾನದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಿಡುಬು ನಿರ್ಮೂಲನ ತಂಡಕ್ಕೆ ಮುಖಂಡರಾಗಿದ್ದವರು ಇದೇ ರಂಗರಾಜ್. ಬೆಟ್ಟಗಳ ನಾಡು, ರಸ್ತೆಗಳು ಕಡಮೆ, ಚಳಿಗಾಲದಲ್ಲಿ ಹಿಮ ಬಿದ್ದು ಕಣಿವೆಗಳ ಬಾಗಿಲು ಮುಚ್ಚುತ್ತಿತ್ತು. ಗೋಷೆಯ ಕಟ್ಟಳೆಯಿಂದಾಗಿ ಹೆಂಗಸರಿಗೆ ದಾಕು ಹಾಕುವುದು ಕಷ್ಟವಾಗಿತ್ತು. ಇದರ ಮೇಲೆ ಅಲ್ಲಿ ಒಂದು ಹಳೆಯ ಪದ್ಧತಿಯಿತ್ತು: ರೋಗಿಯ ಮೈಯಿಂದ ಉದುರಿದ ಸಿಡುಬಿನ ಹಕ್ಕಳೆಯನ್ನು ಕೂಡಿಟ್ಟು, ಅದನ್ನು ಆರೋಗ್ಯವಂತರ ಚರ್ಮದೊಳಗೆ ಸೇರಿಸುವುದು. ಊರೂರು ಸುತ್ತಿ ಇದನ್ನು ಮಾಡುವ ಮನೆತನದ ಕಸುಬಿನವರಿದ್ದರು. ಇದರಿಂದ ಆ ಮನುಷ್ಯನಿಗೆ ಎಷ್ಟೋ ವೇಳೆ ರಕ್ಷಣೆ ದೊರೆಯುತ್ತಿತ್ತು. ಆದರೆ ಅವನಿಂದ ನೆರೆಯವರಿಗೆ ನಿಜವಾದ ಸಿಡುಬೇ ಹರಡುವ ಅಪಾಯವಿತ್ತು. ಇಂತಹ ನಾಡಿನಲ್ಲಿ ದಾಕಿನವರ ತಂಡಗಳು ಕವಲುಮೊನೆಯ ಸಣ್ಣ ಸೂಜಿಗಳನ್ನು ಹಿಡಿದು ಹಳ್ಳಿಯಿಂದ ಹಳ್ಳಿಗೆ ನಡೆದವು. ರೋಗ ಕಂಡಲ್ಲಿ ಸುತ್ತಲಿನವರಿಗೆಲ್ಲ ದಾಕು ಹಾಕಿ ಬೇಲಿ ಕಟ್ಟಿದವು. 1973ರ ವೇಳೆಗೆ ಆಫ್ಘಾನಿಸ್ತಾನ ಸಿಡುಬಿನಿಂದ ಬಿಡುಗಡೆ ಹೊಂದಿತ್ತು. ಭಾರತದ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರ ಮೇ 8ರಂದು ಭೂಮಿಯ ಮೇಲೆ ಸಿಡುಬು ಇನ್ನಿಲ್ಲವೆಂದು ಸಾರಲಾಯಿತು.

ನನ್ನ ಅಜ್ಜಿಯ ಮುಖದ ತುಂಬ ಸಿಡುಬಿನ ಕುಳಿಗಳಿದ್ದುವು. ‘ಅಮ್ಮ ಬಂದು ಹೋದಾಗ ಬಿಟ್ಟುಹೋದ ಗುರುತು’ ಎಂದು ಅವಳು ಹೇಳುತ್ತಿದ್ದಳು. ನನ್ನ ತಂದೆಯ ಮುಖದ ಮೇಲೆ ಕುಳಿಗಳಿಲ್ಲ. ತೋಳಿನ ಮೇಲೆ ದಾಕಿನ ಎರಡು ದುಂಡನೆಯ ಕಲೆಗಳಿವೆ. ನನ್ನ ತೋಳಿನ ಮೇಲೆ ಕ್ಷಯದ ಲಸಿಕೆಯ ಚಿಕ್ಕ ಗುರುತೊಂದು ಮಾತ್ರ ಇದೆ. ಸಿಡುಬಿನ ದಾಕಿನ ಕಲೆ ಇಲ್ಲ. ನಾನು ಹುಟ್ಟುವ ಹೊತ್ತಿಗೆ ಅದರ ಅವಶ್ಯಕತೆಯೇ ತೀರಿಹೋಗಿತ್ತು. ಅಜ್ಜಿಯ ಮುಖದಿಂದ ನನ್ನ ತೋಳಿನವರೆಗೆ ಮೂರು ತಲೆಮಾರು. ಈ ನಡುವೆ ಎಲ್ಲೆಲ್ಲೋ ದುಡಿದ, ನಮಗೆ ಹೆಸರು ತಿಳಿಯದ ಜನರ ಗೆಲುವಿದೆ. ಗೆದ್ದವರ ಗುರುತು ಸಾಮಾನ್ಯವಾಗಿ ಕೋಟೆಯ ಮೇಲೆ, ಕಂಬದ ಮೇಲೆ ಇರುತ್ತದೆ. ಈ ಗೆಲುವಿನ ಗುರುತೆಂದರೆ ನನ್ನ ತೋಳಿನ ಮೇಲೆ ಏನೂ ಇಲ್ಲದಿರುವುದು. ಇಂತಹ ವೀರರನ್ನು ನಾವು ಬೇಗನೆ ಮರೆಯುವುದಕ್ಕೆ ಇದೂ ಒಂದು ಕಾರಣವಿರಬಹುದು. ಕೊಂದದ್ದನ್ನು ಎಣಿಸಬಹುದು; ಬಾರದೆ ಹೋದ ಸಾವನ್ನು ಎಣಿಸುವವರು ಯಾರು?

ಕನ್ನಡ ನಾಡು ವೀರಗಲ್ಲುಗಳ ನಾಡು. ತುರುಗಳನ್ನು ಬಿಡಿಸುವಾಗ ಮಡಿದವನಿಗೆ, ಊರನ್ನು ಕಾಯುವಾಗ ಮಡಿದವನಿಗೆ, ಹೆಣ್ಣಿನ ಮಾನ ಉಳಿಸುವಾಗ ಮಡಿದವನಿಗೆ ಕಲ್ಲು ನಿಲ್ಲಿಸಿದ್ದೇವೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ. ಶ. 949–50ರ ಕಲ್ಲು ಕಾಡುಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುತ್ತದೆ. ನಾಯಿಯ ನಿಷ್ಠೆಗೂ ಕಲ್ಲು ನಿಲ್ಲಿಸಿದ ಜನರ ಹೃದಯ ಸಣ್ಣದೆಂದು ಯಾರು ಹೇಳಿಯಾರು? ಆದರೂ ಆ ಕಲ್ಲುಗಳಿಗೆಲ್ಲ ಒಂದು ಕರಾರಿತ್ತು: ವೀರ ಸಾಯಬೇಕು. ರಂಗರಾಜರಂಥವರ ಧರ್ಮ ಇದಕ್ಕೆ ತದ್ವಿರುದ್ಧ. ಅವರು ಸಾಯಲು ಸಿದ್ಧರಾಗಿದ್ದರೆ ಸಾಲದು. ಬದುಕಿರಬೇಕು, ಕೈ ನಡುಗದಂತೆ ಇರಬೇಕು, ನಾಳೆ ಮುಂಜಾನೆ ಮತ್ತೊಬ್ಬ ಗಾಯಾಳುವಿನ ಮುಂದೆ ನಿಲ್ಲಬೇಕು. ಒಮ್ಮೆ ಉಕ್ಕಿ ಇಳಿಯುವ ಆವೇಶ ಇದಕ್ಕೆ ಸಾಕಾಗದು. ಕೊರಿಯದ ಮೂರು ಚಳಿಗಾಲಗಳನ್ನೂ ಆಫ್ಘಾನಿಸ್ತಾನದ ಹಿಮದ ಕಣಿವೆಗಳನ್ನೂ ದಾಟಿಸುವಂಥದು ಬೇಕು. ನಮ್ಮ ಹಿರಿಯರು ಅದನ್ನೇ ಉತ್ಸಾಹವೆಂದು ಕರೆದು, ವೀರಕ್ಕೆ ಸ್ಥಾಯಿಯಾಗಿ ಇಟ್ಟರೆಂದು ನನಗೆ ಈಗ ತೋರುತ್ತದೆ.

ಒಬ್ಬರನ್ನು ಹೊಗಳುವ ಭರದಲ್ಲಿ ಉಳಿದವರನ್ನು ಮರೆಯಬಾರದು. ಬಾಯ್ಲರಿಗೆ ನೀರು ದಾಟಿಸಿದ ಸಾಲಿನಲ್ಲಿ ನಿಂತವರ ಹೆಸರುಗಳು ನಾನು ಓದಿದ ಪುಟಗಳಲ್ಲಿ ಇರಲಿಲ್ಲ. ಆಫ್ಘಾನಿಸ್ತಾನದ ಬೆಟ್ಟಗಳಲ್ಲಿ ಸೂಜಿ ಹಿಡಿದು ನಡೆದ ದಾಕಿನವರ ಹೆಸರುಗಳೂ ಇರಲಿಲ್ಲ. ಮುಖಂಡನ ಪದಕದಲ್ಲಿ ಅವರೆಲ್ಲರ ಪಾಲೂ ಇದೆ. ನಮ್ಮ ವಿದ್ಯಾರ್ಥಿನಿಯ ತಂದೆ ಆ ಸಾಲಿಗೆ ಸೇರಿದವರು.

ನಮ್ಮ ಪಠ್ಯಪುಸ್ತಕಗಳನ್ನು ರಚಿಸುವ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಯುದ್ಧವೀರರನ್ನು ತೆಗೆದುಹಾಕಿರೆಂದು ನಾನು ಕೇಳುತ್ತಿಲ್ಲ. ಅಭಿಮನ್ಯುವಿಲ್ಲದ ತರಗತಿ ನನಗೂ ಬೇಡ. ಅವನ ಪಕ್ಕದಲ್ಲಿ ಒಂದು ದಯಾವೀರನ ಪಾಠಕ್ಕೂ ಎಡೆ ಕೊಡಿರಿ. ಇಂದಿನ ಹುಡುಗ ಹುಡುಗಿಯರು ದಿನಬೆಳಗಾದರೆ ಪರದೆಯ ಮೇಲೆ ಕಾಣುವ ವೀರರು ಎಷ್ಟು ಮಂದಿಯನ್ನು ಕೆಡವಿದರೆಂಬ ಲೆಕ್ಕದಿಂದಲೇ ವೀರರು. ಬೇರೊಂದು ಲೆಕ್ಕವಿದೆಯೆಂದು ಹೇಳಬೇಕಾದವರು ನಾವು, ಸಾಹಿತ್ಯದ ಮೇಷ್ಟರುಗಳು. ಹೇಳದಿದ್ದರೆ ಆ ತಪ್ಪು ಪರದೆಯದಲ್ಲ.

ಕಳೆದ ವಾರ ಆ ಹುಡುಗಿಯನ್ನು ಅಧ್ಯಾಪಕರ ಕೊಠಡಿಗೆ ಕರೆಸಿದೆ. “ನಿನ್ನ ಪ್ರಬಂಧವನ್ನು ನಾನು ಸರಿಯಾಗಿ ಓದಲಿಲ್ಲ ಕಣಮ್ಮ. ವಿಷಯಕ್ಕೆ ಸಲ್ಲದು ಎಂದು ಬರೆದದ್ದು ನನ್ನ ತಪ್ಪು” ಎಂದೆ. ರಂಗರಾಜರ ಕಥೆಯನ್ನು ಹೇಳಿದೆ. ಅವಳು ಸುಮ್ಮನೆ ಕೇಳಿದಳು. ಕೊನೆಗೆ, “ಹಾಗಾದರೆ ಎಲ್ಲಿ ತಿದ್ದಬೇಕು ಸಾರ್?” ಎಂದಳು. ಮೊದಲ ವಾಕ್ಯದಲ್ಲಿ ಒಂದು ಪದವನ್ನು ಮಾತ್ರ ತೆಗೆದರೆ ಸಾಕೆಂದು ತೋರಿಸಿ, ಪ್ರಬಂಧವನ್ನು ಅವಳ ಕೈಗೆ ಹಿಂದಿರುಗಿಸಿದೆ. ನಾನು ಕೆಂಪು ಶಾಯಿಯಲ್ಲಿ ಬರೆದದ್ದು ಅಂಚಿನಲ್ಲಿ ಹಾಗೆಯೇ ಉಳಿದಿತ್ತು. ಅದನ್ನು ಅಳಿಸುವ ಉಪಾಯ ನನಗೆ ತೋಚಲಿಲ್ಲ. ಆದ್ದರಿಂದ ಇದನ್ನು ಬರೆದಿದ್ದೇನೆ.